ದೇಸಗತಿ ಅಂದರೆ ಏನು? ಪದೇ ಪದೇ ಕೇಳುವ ಪ್ರಶ್ನೆಗಳು

ಧಾರವಾಡ, ಗದಗ, ಹಾವೇರಿ ಕಡೆಯ ಮದುವೆ ಪತ್ರಿಕೆಗಳಲ್ಲಿ ಈಗಲೂ "ದೇಸಗತಿ ಮನೆತನ" ಅನ್ನುವ ಸಾಲು ಆಗಾಗ ಕಾಣುತ್ತದೆ. ಓದಿದವರು ತಲೆ ಆಡಿಸುತ್ತಾರೆ. ಅರ್ಥ ಕೇಳಿದರೆ ಒಬ್ಬರು ರಾಜಮನೆತನ ಅನ್ನುತ್ತಾರೆ, ಇನ್ನೊಬ್ಬರು ಜಮೀನ್ದಾರರು ಅನ್ನುತ್ತಾರೆ, ಮತ್ತೊಬ್ಬರು ಅದೊಂದು ಜಾತಿ ಅಂತ ಬಿಡುತ್ತಾರೆ. ಮೂರೂ ಪೂರ್ತಿ ಸರಿಯಲ್ಲ. ಜನ ಹೆಚ್ಚಾಗಿ ಕೇಳುವ ಪ್ರಶ್ನೆಗಳಿಗೆ ಇಲ್ಲಿ ಉತ್ತರ ಕೊಟ್ಟಿದ್ದೇನೆ. ಗೌಡಕಿ, ವತನ, ಇನಾಮು ಅನ್ನುವ ನಂಟಿನ ಮಾತುಗಳೂ ನಡುನಡುವೆ ಬರುತ್ತವೆ.

ದೇಸಗತಿ ಅಂದರೆ ಸರಿಯಾಗಿ ಏನು?

ದೇಸಾಯಿ ಅನ್ನುವ ಹುದ್ದೆ, ಅದಕ್ಕೆ ಅಂಟಿಕೊಂಡು ಬಂದ ಹಕ್ಕು, ಇನಾಮು ಹೊಲ, ಊರೊಳಗಿನ ಮಾನ ಮರ್ಯಾದೆ, ಇದೆಲ್ಲ ಕೂಡಿ ದೇಸಗತಿ. ದೇಸಾಯಿ ಒಂದು ಪರಗಣೆಯ ಮುಖ್ಯಸ್ಥ. ಪರಗಣೆ ಅಂದರೆ ಹತ್ತಾರು ಹಳ್ಳಿಗಳ ಗುಂಪು. ಆ ಹಳ್ಳಿಗಳ ಕಂದಾಯ ಹೊತ್ತಿಗೆ ಸರಿಯಾಗಿ ವಸೂಲಾಗಿ ಮೇಲಿನ ಸರ್ಕಾರಕ್ಕೆ ಮುಟ್ಟಬೇಕು. ಬೀಳುಬಿದ್ದ ಹೊಲಕ್ಕೆ ಒಕ್ಕಲು ತರಬೇಕು. ದರೋಡೆ, ಜಗಳ ಆದರೆ ನೋಡಿಕೊಳ್ಳಬೇಕು. ಇದಿಷ್ಟೂ ದೇಸಾಯಿಯ ಜವಾಬ್ದಾರಿ. ಇದಕ್ಕೆ ಪ್ರತಿಯಾಗಿ ವಸೂಲಿಯಲ್ಲಿ ಒಂದು ಪಾಲು, ತೆರಿಗೆ ಇಲ್ಲದ ಹೊಲ, ಒಂದಿಷ್ಟು ಶಿಬಂದಿ, ಅಂದರೆ ಕಾವಲಿನ ಸಿಪಾಯಿಗಳನ್ನು, ಇಟ್ಟುಕೊಳ್ಳುವ ಅಧಿಕಾರ. ಅಪ್ಪನಿಂದ ಮಗನಿಗೆ ಇಳಿದು ಬರುವ ಇಂಥ ಹುದ್ದೆಗೆ ವತನ ಅನ್ನುತ್ತಿದ್ದರು.

ಇಲ್ಲಿನ "ದೇಶ"ವನ್ನು ಭಾರತ ದೇಶ ಅನ್ನುವಾಗಿನ ದೇಶ ಅಂತ ತಿಳಿಯಬೇಡಿ. ನಾವು ನಾಡು ಅನ್ನುತ್ತೇವಲ್ಲ, ಅಷ್ಟೇ ಅಗಲ ಅದರದ್ದು. ಹಾಗೆಯೇ "ಗತಿ" ಅಂದರೆ ಅದೃಷ್ಟ, ಪಾಡು ಅನ್ನುವ ಗತಿ ಅಲ್ಲ. ಮರಾಠಿಯಲ್ಲಿ ದೇಸಾಯಿಯ ಹುದ್ದೆಗೆ "ದೇಸಗತ್" ಅನ್ನುತ್ತಾರೆ, ನಮ್ಮ ಬಾಯಲ್ಲಿ ಅದು ದೇಸಗತಿ ಆಯಿತು. ಬಹಮನಿ, ಆದಿಲಶಾಹಿ, ಪೇಶ್ವೆ ಆಡಳಿತದಲ್ಲಿ ಲೆಕ್ಕಪತ್ರದ ಮಾತು ಹೆಚ್ಚಾಗಿ ಫಾರಸಿ, ಮರಾಠಿಯಲ್ಲಿ ಇರುತ್ತಿತ್ತು. ಹಾಗಾಗಿ ಸನದು, ಇನಾಮು, ಜಹಗೀರು, ಶಿಬಂದಿ, ವಾಡೆ ಎಲ್ಲವೂ ನಮ್ಮ ಮನೆಮಾತಿಗೆ ಬಂದು ಕೂತಿವೆ.

ಹಾಗಾದರೆ ದೇಸಾಯಿ ಅಂದರೆ ರಾಜನೇ ಅಲ್ವಾ?

ಅಲ್ಲ. ಹೆಚ್ಚು ಜನ ಎಡವುವುದು ಇಲ್ಲೇ. ರಾಜನ ಅಧಿಕಾರ ಅವನದೇ. ದೇಸಾಯಿಯ ಅಧಿಕಾರ ಕೊಟ್ಟದ್ದು, ಅದಕ್ಕೆ ಸನದು, ಅಂದರೆ ಮೇಲಿನವರು ಬರೆದುಕೊಟ್ಟ ಅಧಿಕಾರಪತ್ರ, ಬೇಕು. ಹೊಸ ದೇಸಾಯಿ ಗಾದಿಗೆ ಬಂದಾಗ ಮೇಲಿನವರಿಗೆ ನಜರಾಣೆ (ಕಾಣಿಕೆ) ಸಲ್ಲಿಸಿ ಒಪ್ಪಿಗೆ ಪಡೆಯಬೇಕು. ಗಂಡು ಮಗು ಇಲ್ಲದಿದ್ದರೆ ದತ್ತು ತೆಗೆದುಕೊಳ್ಳಲೂ ಒಪ್ಪಿಗೆ ಬೇಕು.

ಆದರೆ ನೆಲದ ಮೇಲಿನ ಸಂಗತಿ ಬೇರೆಯೇ ಇತ್ತು. ಬಿಜಾಪುರದ ಆದಿಲಶಾಹಿ 1686ರಲ್ಲಿ ಮುಗಿಯಿತು. ಆಮೇಲೆ ಮೊಗಲರು, ಸವಣೂರ ನವಾಬರು, ಮರಾಠರು, ಹೈದರ್, ಟಿಪ್ಪು, ಮತ್ತೆ ಪೇಶ್ವೆಗಳು, 1817-18ರಲ್ಲಿ ಇಂಗ್ಲಿಷರು. ಸುಮಾರು ನೂರಾ ಮೂವತ್ತು ವರ್ಷಗಳಲ್ಲಿ ಧಾರವಾಡದ ಕೋಟೆಯ ಮೇಲೆ ಎಷ್ಟು ಬಾವುಟ ಬದಲಾದವೋ! ಹಳ್ಳಿಯ ರೈತನಿಗೆ ಇವರಲ್ಲಿ ಯಾರ ಮುಖವೂ ಗೊತ್ತಿಲ್ಲ. ಅವನಿಗೆ ಗೊತ್ತಿದ್ದದ್ದು ದೇಸಾಯರು. ಯಾರು ಗೆದ್ದು ಬಂದರೂ ಕಂದಾಯ ಎತ್ತಲು ಊರಿನ ಒಳಹೊರಗು ಬಲ್ಲವರು ಬೇಕಿತ್ತು. ಹೊಸಬರು ಹಳೆ ಸನದನ್ನೇ ಹೊಸದಾಗಿ ಬರೆದುಕೊಟ್ಟು ಮುಂದುವರಿಸುತ್ತಿದ್ದರು. ಹೀಗೆ ಕೊಟ್ಟ ಅಧಿಕಾರ ತಲೆಮಾರು ಕಳೆದ ಹಾಗೆ ಹುಟ್ಟಿನಿಂದ ಬಂದ ಅಧಿಕಾರದಂತೆ ಕಾಣತೊಡಗಿತು. ನನ್ನ ಮಟ್ಟಿಗೆ ದೇಸಗತಿ ಅನ್ನುವ ಮಾತಿನ ಜೀವ ಇರುವುದು ಈ ಎಳೆದಾಟದಲ್ಲೇ. ಕೆಳಗಿನವರ ಕಣ್ಣಿಗೆ ದೊರೆ, ಮೇಲಿನವರ ದಫ್ತರದಲ್ಲಿ ವತನದಾರ.

ಕಿತ್ತೂರು ಚೆನ್ನಮ್ಮನನ್ನು ರಾಣಿ ಅನ್ನುತ್ತೇವೆ. ಗಂಡ ಮಲ್ಲಸರ್ಜ ಮಾತ್ರ ದೇಸಾಯಿ. ಇದು ಹೇಗೆ?

ಒಳ್ಳೆಯ ಪ್ರಶ್ನೆ. ಮೇಲೆ ಹೇಳಿದ ಎಳೆದಾಟ ಇಲ್ಲಿ ಯುದ್ಧವಾಗಿಯೇ ಹೊರಬಂತು.

ಕಿತ್ತೂರಿನವರ ಬಿರುದು ದೇಸಾಯಿ. ಆದರೆ ಕೋಟೆ, ಸೈನ್ಯ, ದರ್ಬಾರು ಎಲ್ಲ ಇದ್ದವು, ಜನ ಅದನ್ನು ಸಂಸ್ಥಾನ ಅಂತಲೇ ಕರೆದರು. 1824ರ ಸೆಪ್ಟೆಂಬರಿನಲ್ಲಿ ಮಲ್ಲಸರ್ಜನ ಮಗ ಶಿವಲಿಂಗರುದ್ರಸರ್ಜ ತೀರಿಕೊಂಡ. ಮಕ್ಕಳಿರಲಿಲ್ಲ, ಶಿವಲಿಂಗಪ್ಪ ಅನ್ನುವ ಹುಡುಗನನ್ನು ದತ್ತು ತೆಗೆದುಕೊಂಡಿದ್ದರು. ಆಗ ಧಾರವಾಡದ ಕಲೆಕ್ಟರ್ ಆಗಿದ್ದವನು ಥ್ಯಾಕರೆ. ಅವನು ಆ ದತ್ತಕವನ್ನು ಒಪ್ಪಲಿಲ್ಲ, ಖಜಾನೆಗೆ ಮೊಹರು ಹಾಕಿಸಿದ. ಅವನ ಲೆಕ್ಕದಲ್ಲಿ ಇದು ಈಸ್ಟ್ ಇಂಡಿಯಾ ಕಂಪನಿ ಒಪ್ಪಿದರೆ ಉಳಿಯುವ ದೇಸಗತಿ. ಚೆನ್ನಮ್ಮನ ಲೆಕ್ಕದಲ್ಲಿ ಇದು ತಮ್ಮ ರಾಜ್ಯ. ಅಕ್ಟೋಬರ್ 23ರಂದು ಕಿತ್ತೂರ ಕೋಟೆಯ ಮುಂದೆ ಥ್ಯಾಕರೆ ಹೆಣವಾದ. ಡಿಸೆಂಬರಿನಲ್ಲಿ ಕಂಪನಿಯ ದೊಡ್ಡ ಸೈನ್ಯ ಬಂದು ಕೋಟೆ ಹಿಡಿಯಿತು. ಚೆನ್ನಮ್ಮ ಬೈಲಹೊಂಗಲದ ಸೆರೆಯಲ್ಲಿ 1829ರಲ್ಲಿ ತೀರಿಕೊಂಡಳು. ಥ್ಯಾಕರೆಯ ಸ್ಮಾರಕ ಧಾರವಾಡದಲ್ಲಿದೆ, ಅವಳ ಪ್ರತಿಮೆ ಹುಬ್ಬಳ್ಳಿಯ ಸರ್ಕಲ್ಲಿನಲ್ಲಿ ಕುದುರೆ ಮೇಲಿದೆ. ರಾಣಿ ಅನ್ನುವ ಮಾತನ್ನು ಯಾವ ಸನದೂ ಅವಳಿಗೆ ಕೊಟ್ಟದ್ದಲ್ಲ, ಜನ ಕೊಟ್ಟದ್ದು.

ದತ್ತಕದ ಇದೇ ಕಿರಿಕಿರಿ ನರಗುಂದದಲ್ಲೂ ಆಯಿತು. ಅಲ್ಲಿನ ಭಾಸ್ಕರರಾವ್ ಭಾವೆ, ಅಂದರೆ ಬಾಬಾಸಾಹೇಬ, ದೇಸಾಯಿ ಅಲ್ಲ, ಸಂಸ್ಥಾನಿಕ. ಅವನಿಗೂ ದತ್ತು ಸಿಗದ ಹಾಗೆ ಮಾಡಿದರು. 1858ರ ಮೇ ತಿಂಗಳಲ್ಲಿ ಸುರೇಬಾನದಲ್ಲಿ ಇಂಗ್ಲಿಷ್ ಅಧಿಕಾರಿ ಮ್ಯಾನ್ಸನ್ ಕೊಲೆಯಾದ. ಈ ಮ್ಯಾನ್ಸನ್ ಹಿಂದೆ ಇನಾಮ್ ಕಮಿಷನ್ನಿನಲ್ಲಿ ಇದ್ದವನು. ಇನಾಮುದಾರರ ಕಾಗದ ಕೇಳಿ, ಪುರಾವೆ ಇಲ್ಲದವರ ಹೊಲ ಸರ್ಕಾರಕ್ಕೆ ಸೇರಿಸುತ್ತಿದ್ದ ಕಮಿಷನ್ ಅದು. ಜೂನ್ 12ರಂದು ಬಾಬಾಸಾಹೇಬನನ್ನು ಬೆಳಗಾವಿಯಲ್ಲಿ ಗಲ್ಲಿಗೇರಿಸಿದರು. ಅದೇ ಹೊತ್ತಿಗೆ ಎದ್ದ ಮುಂಡರಗಿ ಭೀಮರಾಯ ಕೊಪ್ಪಳದ ಕೋಟೆಯಲ್ಲಿ ಹೋರಾಡಿ ಸತ್ತ.

ದೇಸಾಯಿ, ದೇಶಪಾಂಡೆ, ನಾಡಗೌಡ, ಪಾಟೀಲ, ಕುಲಕರ್ಣಿ. ಇವರಲ್ಲಿ ಯಾರು ಮೇಲೆ, ಯಾರು ಕೆಳಗೆ?

ಎರಡು ಮಜಲು ಅಂತ ಇಟ್ಟುಕೊಳ್ಳಿ. ಪರಗಣೆಯ ಮಟ್ಟದಲ್ಲಿ ದೇಸಾಯಿ ಅಧಿಕಾರ ನಡೆಸುವವನು, ದೇಶಪಾಂಡೆ ಲೆಕ್ಕ ಬರೆಯುವವನು. ಹಳ್ಳಿಯ ಮಟ್ಟದಲ್ಲಿ ಗೌಡ ಅಥವಾ ಪಾಟೀಲ ಅಧಿಕಾರ ನಡೆಸುವವನು, ಕುಲಕರ್ಣಿ ಲೆಕ್ಕ ಬರೆಯುವವನು. ಮಹಾರಾಷ್ಟ್ರದ ಕಡೆ ದೇಶಮುಖ ಅನ್ನುವುದು ಬಹುಮಟ್ಟಿಗೆ ನಮ್ಮ ದೇಸಾಯಿಯೇ. ನಾಡಗೌಡ, ನಾಡಗೀರ ಅನ್ನುವವೂ ನಾಡಿನ ಮಟ್ಟದ ಹಳೆ ಹುದ್ದೆಯ ಹೆಸರುಗಳು. ಸರದೇಸಾಯಿ ಅಂದರೆ ದೇಸಾಯಿಗಳಿಗೂ ಮೇಲಿನವನು.

ಇವರ ಕೆಳಗೆ ತಳವಾರ, ವಾಲೀಕಾರ, ಶೇತಸನದಿ ಇದ್ದರು. ಶೇತಸನದಿ ಅಂದರೆ ಹೊಲ ಇನಾಮಾಗಿ ಪಡೆದು ಕಾವಲು, ಸಿಪಾಯಿ ಕೆಲಸ ಮಾಡುವವನು. ಸಂಗೊಳ್ಳಿ ರಾಯಣ್ಣ ಶೇತಸನದಿಯೇ.

"ಶಂಕರಗೌಡ ಪಾಟೀಲ" ಅನ್ನುವಂಥ ಹೆಸರಲ್ಲಿ ಗೌಡ, ಪಾಟೀಲ ಎರಡೂ ಯಾಕೆ?

ಎರಡೂ ಒಂದೇ ಹುದ್ದೆ. ಗೌಡ ಕನ್ನಡದ್ದು, ಪಾಟೀಲ ಮರಾಠಿ ದಫ್ತರದ್ದು. ಮನೆಯಲ್ಲಿ ಮಗುವಿಗೆ ಇಟ್ಟ ಹೆಸರಿಗೆ ಗೌಡ ಸೇರಿತು, ಕಾಗದಪತ್ರದ ಅಡ್ಡಹೆಸರಿಗೆ ಪಾಟೀಲ ಬಂತು. ನಮ್ಮ ಕಡೆ ಇದು ಎಷ್ಟು ಸಹಜ ಅಂದರೆ ಯಾರಿಗೂ ಎರಡು ಸಲ ಹೇಳಿದಂತೆ ಅನ್ನಿಸುವುದೇ ಇಲ್ಲ. ಗದಗ ಹತ್ತಿರದ ಕಣಗಿನಹಾಳದಲ್ಲಿ 1905ರಲ್ಲಿ ಸಹಕಾರಿ ಸಂಘ ಕಟ್ಟಿದ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರ ಹೆಸರನ್ನೇ ನೋಡಿ. ತಮ್ಮದೊಂದು ಗೌಡ, ತಂದೆಯದೊಂದು ಗೌಡ, ಮೇಲೊಂದು ಪಾಟೀಲ! ದೇಶದ ಮೊದಲ ಕೃಷಿ ಪತ್ತಿನ ಸಹಕಾರಿ ಸಂಘ ಅಂತ ಹೆಸರಾದದ್ದು ಅವರ ಸಂಘ.

ಮಾಲಿಪಾಟೀಲ ಅಂದರೆ ತೋಟದ ಮಾಲಿಗಳ ಪಾಟೀಲನಾ?

ಅಲ್ಲ. ಮಾಲು ಅಂದರೆ ಇಲ್ಲಿ ಕಂದಾಯ. ಕಂದಾಯ ನೋಡುವವನು ಮಾಲಿಪಾಟೀಲ, ಕಾನೂನು ಸುವ್ಯವಸ್ಥೆ ನೋಡುವವನು ಪೊಲೀಸ್‌ಪಾಟೀಲ. ಮುಂಬಯಿ ಸರ್ಕಾರದ ಕಡೆ ಕಂದಾಯದವನಿಗೆ ಮುಲ್ಕಿ ಪಾಟೀಲ ಅನ್ನುತ್ತಿದ್ದರು.

ಗೌಡ ಅನ್ನುವ ಮಾತು ಎಷ್ಟು ಹಳೆಯದು?

ದೇಸಾಯಿಗಿಂತ ಎಷ್ಟೋ ಹಳೆಯದು. ಸಾವಿರ ವರ್ಷ ಹಿಂದಿನ ಕಲ್ಲುಗಳಲ್ಲಿ "ಗಾವುಂಡ" ಅಂತ ಇದೆ. ಊರಿಗೊಬ್ಬ ಊರಗಾವುಂಡ, ನಾಡಿಗೊಬ್ಬ ನಾಳ್ಗಾವುಂಡ, ದೊಡ್ಡವನಾದರೆ ಪ್ರಭುಗಾವುಂಡ. ನಾಳ್ಗಾವುಂಡ ಸವೆದು ನಾಡಗೌಡ ಆಗಿ ಇವತ್ತಿಗೂ ಅಡ್ಡಹೆಸರಾಗಿ ಉಳಿದಿದೆ. ರಾಷ್ಟ್ರಕೂಟರು, ಕಲ್ಯಾಣ ಚಾಲುಕ್ಯರ ಕಾಲಕ್ಕೆ ನಮ್ಮ ಸೀಮೆಗೆ ಬೆಳ್ವೊಲ ಮುನ್ನೂರು, ಪುಲಿಗೆರೆ ಮುನ್ನೂರು, ಪಾನುಂಗಲ್ ಐನೂರು ಅಂತೆಲ್ಲ ಹೆಸರಿದ್ದವು. ಪುಲಿಗೆರೆ ಇವತ್ತಿನ ಲಕ್ಷ್ಮೇಶ್ವರ, ಪಾನುಂಗಲ್ ಇವತ್ತಿನ ಹಾನಗಲ್. ಅಣ್ಣಿಗೇರಿ, ಗದಗ ಬೆಳ್ವೊಲದೊಳಗೆ ಬರುತ್ತಿದ್ದವು.

ಗಾವುಂಡನ ಕೆಲಸ ಬರೀ ವಸೂಲಿ ಆಗಿರಲಿಲ್ಲ. ಹಾವೇರಿ ಜಿಲ್ಲೆಯ ಊರುಗಳಲ್ಲಿ ಗುಡಿಯ ಮಗ್ಗುಲಿಗೋ ಕೆರೆ ಏರಿಯ ಮೇಲೋ ವೀರಗಲ್ಲು ಸಿಗುತ್ತವೆ. ಹತ್ತಿರ ಹೋಗಿ ಕೆಳಗಿನಿಂದ ಮೇಲಕ್ಕೆ ನೋಡಬೇಕು. ಕೆಳಗಿನ ಪಟ್ಟಿಯಲ್ಲಿ ಕಾಳಗ: ಬಿಲ್ಲು, ಕತ್ತಿ, ಕೆಲವು ಕಲ್ಲಿನಲ್ಲಿ ಹಿಂದೆ ದನದ ಸಾಲು. ನಡುವಿನ ಪಟ್ಟಿಯಲ್ಲಿ ಸತ್ತವನನ್ನು ಅಪ್ಸರೆಯರು ಎತ್ತಿಕೊಂಡು ಹೋಗುತ್ತಾರೆ. ಮೇಲಿನ ಪಟ್ಟಿಯಲ್ಲಿ ಅವನು ಲಿಂಗದ ಮುಂದೆ ಕೈಮುಗಿದು ಕೂತಿದ್ದಾನೆ. ಪಟ್ಟಿಗಳ ನಡುವೆ ಸವೆದ ಅಕ್ಷರ. ಊರ ದನ ಹೊಡೆದುಕೊಂಡು ಹೋದವರ ಬೆನ್ನಟ್ಟಿ ಸತ್ತ ಗಾವುಂಡರ ಹೆಸರು ಇಂಥ ಕಲ್ಲುಗಳಲ್ಲಿವೆ. ಜನ ಸುಮ್ನೆ ಅರಿಶಿನ ಕುಂಕುಮ ಹಚ್ಚಿ ಹೋಗುತ್ತಾರೆ, ಓದುವವರು ಕಡಿಮೆ.

ದೇಸಾಯಿ ಒಂದು ಜಾತಿಯಾ? ದೇಸಾಯಿ ಅಂತ ಇರುವವರೆಲ್ಲ ಸಂಬಂಧಿಕರಾ?

ಎರಡೂ ಅಲ್ಲ. ಹುದ್ದೆಯ ಹೆಸರು ಅಡ್ಡಹೆಸರಾಗಿದೆ, ಅಷ್ಟೇ. ಲಿಂಗಾಯತ ದೇಸಾಯರಿದ್ದಾರೆ, ಬ್ರಾಹ್ಮಣ ದೇಸಾಯರಿದ್ದಾರೆ, ಮರಾಠರಿದ್ದಾರೆ. ಪ್ರಧಾನಿಯಾಗಿದ್ದ ಮೊರಾರ್ಜಿ ದೇಸಾಯಿ ಗುಜರಾತಿನವರು. ಪಾಟೀಲರಲ್ಲಿ ಲಿಂಗಾಯತರು, ಜೈನರು, ಮುಸ್ಲಿಮರು, ಮರಾಠರು ಎಲ್ಲರೂ ಉಂಟು. ಮೈಸೂರು, ಮಂಡ್ಯದ ಕಡೆ ಗೌಡ ಅಂದರೆ ಒಕ್ಕಲಿಗರು ಅಂತ ತಿಳಿಯುತ್ತಾರೆ. ಆ ಲೆಕ್ಕ ನಮ್ಮ ಕಡೆ ನಡೆಯುವುದಿಲ್ಲ. ಬೆಂಗಳೂರಿಗೆ ಹೋದ ನಮ್ಮ ಗೌಡರ ಹುಡುಗರಿಗೆ ಈ ಗೊಂದಲ ಚೆನ್ನಾಗಿ ಗೊತ್ತು.

ಸಂಸ್ಥಾನ, ಜಹಗೀರು, ಇನಾಮು, ದೇಸಗತಿ: ವ್ಯತ್ಯಾಸ ಏನು?

ಸಂಸ್ಥಾನಕ್ಕೆ ತನ್ನದೇ ಆಡಳಿತ ಇರುತ್ತದೆ. ಸವಣೂರು ಅಂಥದ್ದು. ಈಗ ಸವಣೂರು ಅಂದರೆ ಖಾರ ಮತ್ತು ಎಲೆ ನೆನಪಾಗುತ್ತದೆ, 1948ರವರೆಗೆ ಅದು ನವಾಬರ ಊರು. ಜಹಗೀರು ಅಂದರೆ ಸೇವೆಗಾಗಿ, ಹೆಚ್ಚಾಗಿ ಸೈನ್ಯದ ಸೇವೆಗಾಗಿ, ಬಿಟ್ಟುಕೊಟ್ಟ ಊರುಗಳ ಆದಾಯ. ಇನಾಮು ಅಂದರೆ ತೆರಿಗೆ ಇಲ್ಲದ ಅಥವಾ ಕಡಿಮೆ ತೆರಿಗೆಯ ಹೊಲ. ಅದು ಗುಡಿಗೂ ಸಿಗಬಹುದು, ಮಠಕ್ಕೂ, ದರ್ಗಾಕ್ಕೂ, ಕುಲಕರ್ಣಿಗೂ. ದೇಸಗತಿಯೊಳಗೆ ಇನಾಮು ಇರುತ್ತದೆ, ಆದರೆ ಇನಾಮು ಇದ್ದವರೆಲ್ಲ ದೇಸಾಯರಲ್ಲ.

ವಾಡೆ ಅಂದರೆ ಅರಮನೆಯಾ?

ಅರಮನೆಗಿಂತ ದಫ್ತರ, ಕಣಜ, ಮನೆ ಮೂರೂ ಒಂದೇ ಗೋಡೆಯೊಳಗೆ ಅನ್ನಿ. ದೊಡ್ಡ ಬಾಗಿಲು, ಅದರೊಳಗೆ ಒಬ್ಬೊಬ್ಬರೇ ಬಗ್ಗಿ ಹೋಗುವಷ್ಟು ಸಣ್ಣ ದಿಡ್ಡಿ. ದಿನದ ಓಡಾಟವೆಲ್ಲ ದಿಡ್ಡಿಯಲ್ಲೇ, ದೊಡ್ಡದು ತೆರೆಯುವುದು ಬಂಡಿ ಬಂದಾಗ, ಹಬ್ಬ ಮದುವೆಗೆ. ತಲೆ ಬಗ್ಗಿಸದೆ ಯಾರೂ ಒಳಗೆ ಹೋಗುವ ಹಾಗಿಲ್ಲ, ಇದು ಬರೀ ಭದ್ರತೆಗಾಗಿ ಮಾಡಿದ್ದು ಅಂತ ನನಗಂತೂ ಅನ್ನಿಸುವುದಿಲ್ಲ. ಒಳಗೆ ಕಟ್ಟೆ, ಪಡಸಾಲೆ, ಜೋಳ ತುಂಬುವ ಹಗೇವು. ಹಗೇವು ನೆಲದೊಳಗೆ ತೋಡಿದ ಕಣಜ. ಬರಗಾಲದಲ್ಲಿ ಊರಿನ ಪ್ರಾಣ ಅದರ ಬಾಯಿಯಲ್ಲಿ ಇರುತ್ತಿತ್ತು, ಅದನ್ನು ತೆರೆಯುವ ಮಾತು ಮಾತ್ರ ವಾಡೆಯವರದು.

ಈಗ ಬಹಳಷ್ಟು ವಾಡೆ ಬಿದ್ದಿವೆ. ಒಂದನ್ನು ಮಾತ್ರ ಹೇಳಲೇಬೇಕು, ಕುಂದಗೋಳದ ನಾಡಿಗೇರ ವಾಡೆ. ಹಿಂದೂಸ್ತಾನಿ ಗಾಯಕ ಸವಾಯಿ ಗಂಧರ್ವರ ಊರು ಕುಂದಗೋಳ. ಗಂಗೂಬಾಯಿ ಹಾನಗಲ್ ಹುಬ್ಬಳ್ಳಿಯಿಂದ ರೈಲು ಹತ್ತಿ ಅವರ ಬಳಿ ಪಾಠಕ್ಕೆ ಹೋಗುತ್ತಿದ್ದರು, ಗದಗಿನ ಭೀಮಸೇನ ಜೋಶಿ ಗುರುಗಳ ಮನೆಯಲ್ಲೇ ಇದ್ದು ಕಲಿತರು. ಗುರುಗಳ ಪುಣ್ಯತಿಥಿಯ ಸಂಗೀತೋತ್ಸವ ನಡೆಯುತ್ತ ಬಂದದ್ದು ಆ ವಾಡೆಯಲ್ಲಿ. ದೇಸಗತಿಯ ಕಾಲದ ಗೋಡೆಗಳಿಗೆ ಇದಕ್ಕಿಂತ ಒಳ್ಳೆಯ ಕೆಲಸ ಸಿಕ್ಕಿದ್ದು ನಾನು ಕಂಡಿಲ್ಲ.

ದೇಸಗತಿ ಅಂದರೆ ಬರೀ ವೈಭವವಾ?

ಹಾಗೆ ಬರೆಯುವವರು ಜಾಸ್ತಿ. ಆನೆ ಅಂಬಾರಿ, ಪಲ್ಲಕ್ಕಿ, ದಾನ ಧರ್ಮ. ಆದರೆ ಪಲ್ಲಕ್ಕಿ ಹೊತ್ತವರು ಯಾರು? ಕೂಲಿ ಕೊಡದೆ ಮಾಡಿಸುವ ಕೆಲಸಕ್ಕೆ ಬಿಟ್ಟಿ ಅನ್ನುತ್ತಾರೆ. ಸರ್ಕಾರಿ ಸಾಹೇಬರು ಊರಿಗೆ ಬಂದರೆ ಗಂಟು ಹೊರುವುದು, ವಾಡೆಗೆ ಕಟ್ಟಿಗೆ ಒಡೆದು ಹಾಕುವುದು, ಎತ್ತು ಬಂಡಿ ಕೊಡುವುದು, ಎಲ್ಲ ಬಿಟ್ಟಿ. ಇದರ ಭಾರ ಬಿದ್ದದ್ದು ಹೊಲ ಇಲ್ಲದವರ ಮೇಲೆ, ದಲಿತರ ಮೇಲೆ. "ಬಿಟ್ಟಿ ಬಿದ್ದಿದ್ದೇನ?" ಅಂತ ಇವತ್ತೂ ಸಿಟ್ಟಿನಿಂದ ಕೇಳುತ್ತೇವಲ್ಲ, ಆ ಮಾತು ಅಲ್ಲಿಂದ ಬಂದದ್ದು. ಪತ್ರಿಕೆಯಲ್ಲಿ "ದೇಸಗತಿ ಮನೆತನ" ಅಂತ ಅಚ್ಚು ಹಾಕಿಸುವಾಗ ಇದೂ ನೆನಪಿರಲಿ.

ಇನ್ನೊಂದು ಬಗೆಯವರೂ ಇದ್ದರು. ಶಿಗ್ಲಿಯಲ್ಲಿ ಹುಟ್ಟಿ ಸಿರಸಂಗಿ ದೇಸಗತಿಗೆ ದತ್ತು ಹೋದ ಲಿಂಗರಾಜ ದೇಸಾಯಿ (1861–1906) ತಮ್ಮ ಆಸ್ತಿಯನ್ನು ಬಡ ಮಕ್ಕಳ ಓದಿಗೆ ಟ್ರಸ್ಟ್ ಮಾಡಿ ಬರೆದಿಟ್ಟರು. ಜನ ಅವರನ್ನು ತ್ಯಾಗವೀರ ಅನ್ನುತ್ತಾರೆ.

ಇದೆಲ್ಲ ಯಾವಾಗ ಹೋಯಿತು?

ಒಂದೇ ದಿನ ಅಲ್ಲ, ಮೆಟ್ಟಿಲು ಮೆಟ್ಟಿಲಾಗಿ. ಇಂಗ್ಲಿಷರು ಮಾಮಲೇದಾರ, ತಲಾಟಿ ಅಂತ ಸಂಬಳದ ನೌಕರರನ್ನು ತಂದಾಗಲೇ ದೇಸಾಯಿಗೆ ಕೆಲಸ ಇಲ್ಲದಾಯಿತು. ಹೊಲ, ಹಕ್ಕು ಉಳಿದವು. ಸಂವಿಧಾನದ 18ನೇ ವಿಧಿ ಬಿರುದುಗಳನ್ನು ತೆಗೆಯಿತು. ಧಾರವಾಡ ಆಗ ಮುಂಬಯಿ ರಾಜ್ಯದಲ್ಲಿತ್ತು. 1950ರ ಮುಂಬಯಿ ಕಾಯ್ದೆ ಪರಗಣೆ ಮತ್ತು ಕುಲಕರ್ಣಿ ವತನಗಳನ್ನು ರದ್ದು ಮಾಡಿತು. ದೇಸಗತಿ ಕಾನೂನಿನಲ್ಲಿ ಮುಗಿದದ್ದು ಅಲ್ಲಿ. ಊರ ಗೌಡಕಿ ಇನ್ನೂ ಕೆಲವು ವರ್ಷ ನಡೆಯಿತು. 1961ರ ಗ್ರಾಮ ಹುದ್ದೆಗಳ ರದ್ದತಿ ಕಾಯ್ದೆ 1963ರಲ್ಲಿ ಜಾರಿಗೆ ಬಂದ ಮೇಲೆ ಅದೂ ಹೋಯಿತು. ಕೊನೆಯ ದೊಡ್ಡ ಪೆಟ್ಟು ದೇವರಾಜ ಅರಸರ ಕಾಲದ 1974ರ ಭೂಸುಧಾರಣೆ ತಿದ್ದುಪಡಿ. ಲಾವಣಿ (ಗೇಣಿ) ಹಾಕಿಕೊಂಡು ಉಳುತ್ತಿದ್ದವರು ಏಳನೇ ನಂಬರ್ ಫಾರಂ ತುಂಬಿ ಭೂ ನ್ಯಾಯಮಂಡಳಿಗೆ ಕೊಟ್ಟರು, ಹೊಲ ಅವರ ಹೆಸರಿಗಾಯಿತು. ವಾಡೆಯ ಹಿರಿಯರು ಈಗಲೂ ಆ ಫಾರಮ್ಮಿನ ಹೆಸರು ತೆಗೆದರೆ ಮಾತು ಬದಲಿಸುತ್ತಾರೆ. ಉಳುವವರ ಮನೆಯಲ್ಲಿ ಅದರ ಕಥೆ ಬೇರೆ.

ಈಗ ಮಾತಿನಲ್ಲಿ ಹೇಗೆ ಬಳಸುತ್ತಾರೆ?

ದೇಸಗತಿ ಹೆಚ್ಚಾಗಿ ಗತವೈಭವದ ಮಾತು. ದಿನದ ಬಳಕೆಯಲ್ಲಿ ಗೌಡಕಿ ಗೆದ್ದಿದೆ. "ಇಲ್ಲಿ ನಿಂದೇನ್ ಗೌಡಕಿ?" ಅಂದರೆ ನಿನಗೇನು ಅಧಿಕಾರ ಅಂತ. ಯಾರೂ ಕೇಳದಿದ್ದರೂ ಮುಂದೆ ಬಂದು ಅಪ್ಪಣೆ ಕೊಡುವವನಿಗೆ "ದೊಡ್ಡ ದೇಸಾಯಿ ಬಂದ ನೋಡ" ಅನ್ನುತ್ತಾರೆ. ಸರಿಯಾದ ಜನ ಇಲ್ಲದ ಕಡೆ ಯಾರೋ ಒಬ್ಬ ಮೆರೆದರೆ "ಹಾಳೂರಿಗೆ ಉಳಿದವನೇ ಗೌಡ".

ಹಬ್ಬದಲ್ಲಿ ಮಾತ್ರ ಹಳೆಯದು ಇನ್ನೂ ಉಸಿರಾಡುತ್ತದೆ. ಎಷ್ಟೋ ಊರುಗಳಲ್ಲಿ ಕಾರಹುಣ್ಣಿಮೆಯ ಕರಿ ಹರಿಯುವಾಗ ಗೌಡರ ಮನೆಯ ಎತ್ತಿಗೆ ಮೊದಲ ಮಾನ. ದಸರೆಯಲ್ಲಿ ಬನ್ನಿ ಮುಡಿಯಲು ಮೊದಲು ಹೊರಡುವವರು ಅವರೇ. ಕಾನೂನು ಇದಕ್ಕೆ ಅಡ್ಡ ಬಂದಿಲ್ಲ, ಆದರೆ ಇದನ್ನು ಹಕ್ಕು ಅಂತ ಕೋರ್ಟಿನಲ್ಲಿ ಕೇಳಲು ಹೋದರೆ ಕೈಗೆ ಏನೂ ಹತ್ತುವುದಿಲ್ಲ.

ಇಂಥ ಮನೆಯವರನ್ನು ಹೇಗೆ ಮಾತಾಡಿಸಬೇಕು?

ಬೇರೆಯವರನ್ನು ಮಾತಾಡಿಸುವ ಹಾಗೆಯೇ. ಹಿರಿಯರಿಗೆ "ದೇಸಾಯರ, ಬರ್ರಿ", "ಗೌಡ್ರ, ಆರಾಮ ಇದ್ದೀರಿ?" ಅನ್ನುವುದು ರೂಢಿ. ಹೆಣ್ಣುಮಕ್ಕಳಿಗೆ ಗೌಡಸಾನಿ ಅನ್ನುವ ಹಳೆ ಮಾತಿದೆ, ಎದುರಿಗೆ ಕರೆಯುವಾಗ "ಅವ್ವಾರ" ಸಾಕು. ಸರ್ಕಾರಿ ಅರ್ಜಿಯಲ್ಲಿ ಶ್ರೀ, ಶ್ರೀಮತಿ ಬಿಟ್ಟು ಬೇರೆ ಯಾವ ಬಿರುದೂ ಬೇಡ.

ನಮ್ಮದು ದೇಸಗತಿ ಮನೆತನ ಹೌದೋ ಅಲ್ಲವೋ ತಿಳಿಯುವುದು ಹೇಗೆ?

ಅಡ್ಡಹೆಸರನ್ನೇ ನೆಚ್ಚಿಕೊಳ್ಳಬೇಡಿ. ದೇಸಾಯರ ಮನೆಯಲ್ಲಿ ಚಾಕರಿ ಮಾಡಿದವರಿಗೂ, ನೆಂಟಸ್ತಿಕೆಯವರಿಗೂ ಆ ಹೆಸರು ಅಂಟಿದ್ದುಂಟು. ಮೊದಲು ಹೊಲದ ಹಳೆ ಕೈಬರಹದ ಉತಾರ (ಪಹಣಿ) ತೆಗೆಸಿ. ಅದರಲ್ಲಿ ವತನ, ಇನಾಮು ಅನ್ನುವ ನಮೂದು ಇದೆಯಾ ನೋಡಿ. ಆಮೇಲೆ 1950ರ ದಶಕದ ರಿಗ್ರ್ಯಾಂಟ್ ಆದೇಶ, ಅಂದರೆ ವತನ ರದ್ದಾದ ಮೇಲೆ ಹೊಲವನ್ನು ತಿರುಗಿ ಮಂಜೂರು ಮಾಡಿದ ಕಾಗದ. ಅದರಲ್ಲಿ ಯಾವ ಹುದ್ದೆಯ ವತನ ಅಂತ ಬರೆದಿರುತ್ತದೆ. ಮನೆಯ ಪೆಟ್ಟಿಗೆಯಲ್ಲಿ ತಲೆಗೆರೆ ಎಳೆದು, ಅಕ್ಷರ ಒಂದಕ್ಕೊಂದು ಕೂಡಿಸಿ ಬರೆದ ಹಳೆ ಕಾಗದ ಸಿಕ್ಕರೆ ಅದು ಬಹುಶಃ ಮೋಡಿ ಲಿಪಿ. ಓದಲು ಬರದಿದ್ದರೆ ಎಸೆಯಬೇಡಿ, ಲ್ಯಾಮಿನೇಷನ್ನೂ ಮಾಡಿಸಬೇಡಿ. ಧಾರವಾಡದಲ್ಲಿ 1939ರಿಂದ ಇರುವ ಕನ್ನಡ ಸಂಶೋಧನ ಸಂಸ್ಥೆಯಲ್ಲಿ ವಿಚಾರಿಸಿದರೆ ಯಾರ ಬಳಿ ಹೋಗಬೇಕು ಅನ್ನುವುದಾದರೂ ತಿಳಿಯುತ್ತದೆ. 1884ರ ಧಾರವಾಡ ಗೆಜೆಟಿಯರ್‌ನಲ್ಲಿ ಊರೂರಿನ ವಿವರ ಇದೆ, ಅದನ್ನೂ ಒಮ್ಮೆ ತಿರುವಿ ಹಾಕಿ. ವತನದ ಹೊಲ ಮಾರುವ ಯೋಚನೆ ಇದ್ದರೆ ಮಾತ್ರ ಈ ಕಾಗದಗಳನ್ನೆಲ್ಲ ತೆಗೆದುಕೊಂಡು ಮೊದಲು ವಕೀಲರ ಹತ್ತಿರ ಹೋಗಿ. ರಿಗ್ರ್ಯಾಂಟ್ ಹೊಲದ ಮೇಲೆ ಷರತ್ತು ಇರಬಹುದು, ಸಂಚಕಾರ (ಮುಂಗಡ) ಇಸಕೊಂಡ ಮೇಲೆ ಅದು ಗೊತ್ತಾದರೆ ಕಷ್ಟ.